ಗವರ್ನರ್ ಬೇಡ ಅಂದರೂ ಸೈನಿಕರು ಬರಬಹುದಾ? ಅಮೆರಿಕದ ಜಗಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಜೂನ್‌ನಲ್ಲಿ ಹಾಸನದಿಂದ ಅಮ್ಮ ಫೋನ್ ಮಾಡಿದ್ದರು. "ಅಲ್ಲಿ ಮಿಲಿಟರಿ ಬಂದಿದ್ಯಂತೆ, ಟೀವಿಲಿ ತೋರಿಸ್ತಿದಾರೆ. ಮನೆಯಿಂದ ಆಚೆ ಹೋಗ್ಬೇಡ" ಅಂದರು. ಮಿಲಿಟರಿ ಬಂದಿದ್ದು ಲಾಸ್ ಏಂಜಲೀಸ್‌ಗೆ. ನಾನಿರುವುದು ಅಲ್ಲಿಂದ 600 ಕಿಲೋಮೀಟರ್ ಆಚೆ. ಆದರೂ ಗವರ್ನರ್ ಬೇಡ ಅಂದರೂ ಸೈನಿಕರು ಬರಬಹುದಾ ಅಂತ ಅಮ್ಮ ಕೇಳಿದ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಲು ಆಗಲಿಲ್ಲ. ಆಮೇಲೆ ಚಿಕಾಗೋ, ಪೋರ್ಟ್‌ಲ್ಯಾಂಡ್, ಮಿನಿಯಾಪೊಲಿಸ್ ಅಂತ ಒಂದೊಂದೇ ಊರಿನ ಹೆಸರು ಸುದ್ದಿಯಲ್ಲಿ ಬಂತು. ಭಾವನಿಂದ ಹಿಡಿದು ಹಳೆಯ ಸಹಪಾಠಿಗಳವರೆಗೆ ಎಲ್ಲರೂ ಅದನ್ನೇ ಕೇಳತೊಡಗಿದರು. ಹಾಗಾಗಿ ಓದಿ ತಿಳಿದುಕೊಂಡಿದ್ದನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ವಕೀಲನಲ್ಲ. ಇದನ್ನು ಕಾನೂನು ಸಲಹೆ ಅಂತ ತಗೋಬೇಡಿ.

ಜಗಳ ಏನು ಅಂತ ಒಂದೆರಡು ಮಾತಲ್ಲಿ ಹೇಳಿ.

ವಲಸೆ ಕಾನೂನು ಕೇಂದ್ರದ್ದು. ಊರಿನ ಪೊಲೀಸ್ ರಾಜ್ಯದ್ದು, ನಗರದ್ದು. ದಾಖಲೆ ಇಲ್ಲದೆ ಇರುವವರನ್ನು ಹಿಡಿದು ಹೊರಗೆ ಕಳಿಸುವುದು ಕೇಂದ್ರದ ಕೆಲಸ. ಆ ಕೆಲಸ ಮಾಡುವ ಇಲಾಖೆಗೆ ಐಸಿಇ ಅಂತ ಹೆಸರು, ಜನ 'ಐಸ್' ಅಂತಾರೆ. ಈ ಕೆಲಸಕ್ಕೆ ನಮ್ಮ ಪೊಲೀಸರು ಕೈಜೋಡಿಸಲ್ಲ ಅಂತ ಕ್ಯಾಲಿಫೋರ್ನಿಯಾ, ಇಲಿನಾಯ್, ಒರೆಗಾನ್ ಥರದ ರಾಜ್ಯಗಳು ಹೇಳುತ್ತವೆ. ಕೇಂದ್ರ ತನ್ನ ಏಜೆಂಟರನ್ನೇ ದಂಡುಗಟ್ಟಿ ಕಳಿಸುತ್ತದೆ. ಜನ ಬೀದಿಗೆ ಇಳಿಯುತ್ತಾರೆ. ಏಜೆಂಟರಿಗೆ ರಕ್ಷಣೆ ಬೇಕು ಅಂತ ಅಧ್ಯಕ್ಷರು ಸೈನಿಕರನ್ನು ಕರೆಸುತ್ತಾರೆ. ಗವರ್ನರ್ ಕೋರ್ಟಿಗೆ ಹೋಗುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ.

ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಥರ ಅಲ್ವಾ? ಅವರಿಗೇಕೆ ಇಷ್ಟು ಸಿಟ್ಟು?

ಅಲ್ಲ. ಊರಿನವರು ಜಾಸ್ತಿ ಎಡವುವುದು ಇಲ್ಲೇ. ನಮ್ಮ ರಾಜ್ಯಪಾಲರನ್ನು ದೆಹಲಿ ನೇಮಿಸುತ್ತದೆ. ಅಮೆರಿಕದ ಗವರ್ನರ್‌ನನ್ನು ರಾಜ್ಯದ ಜನ ಓಟು ಹಾಕಿ ಆರಿಸುತ್ತಾರೆ. ಅಂದರೆ ಅವರು ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಅಧ್ಯಕ್ಷರು ಗವರ್ನರ್‌ನನ್ನು ಕಿತ್ತುಹಾಕುವ ಹಾಗಿಲ್ಲ. ನಮ್ಮ 356ನೇ ವಿಧಿಯಂಥದ್ದು, ಅಂದರೆ ರಾಷ್ಟ್ರಪತಿ ಆಳ್ವಿಕೆ, ಅಲ್ಲಿ ಇಲ್ಲವೇ ಇಲ್ಲ.

ಗವರ್ನರ್ ಕೈಕೆಳಗೆ ಒಂದು ಸೇನೆಯೂ ಇರುತ್ತದೆ. ಅದೇ ನ್ಯಾಷನಲ್ ಗಾರ್ಡ್.

ನ್ಯಾಷನಲ್ ಗಾರ್ಡ್ ಅಂದರೆ ಹೋಮ್ ಗಾರ್ಡಾ?

ಹೆಸರು ಕೇಳಿದರೆ ಹಾಗನ್ನಿಸುತ್ತದೆ, ಆದರೆ ಅಲ್ಲ. ಇವರಿಗೆ ಸೇನೆಯ ತರಬೇತಿ ಆಗಿರುತ್ತದೆ, ಇರಾಕ್, ಅಫ್ಘಾನಿಸ್ತಾನಕ್ಕೂ ಹೋಗಿ ಬಂದವರಿದ್ದಾರೆ. ಆದರೆ ಹೆಚ್ಚಿನವರು ಪೂರ್ತಿ ಸಮಯದ ಸೈನಿಕರಲ್ಲ. ವಾರವಿಡೀ ಮೇಷ್ಟ್ರು, ಮೆಕ್ಯಾನಿಕ್, ನರ್ಸ್ ಆಗಿ ಕೆಲಸ ಮಾಡುತ್ತಾರೆ. ತಿಂಗಳಿಗೆ ಒಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ಕವಾಯತು.

ಕಾಡ್ಗಿಚ್ಚು, ನೆರೆ, ಬಿರುಗಾಳಿ ಬಂದಾಗ ಇವರನ್ನು ಕರೆಯುವುದು ಗವರ್ನರ್. ಯುದ್ಧ ಬಂದರೆ ಅಧ್ಯಕ್ಷರು ಇವರನ್ನು ಕೇಂದ್ರದ ಸೇವೆಗೆ ಎಳೆದುಕೊಳ್ಳಬಹುದು. ಒಬ್ಬನೇ ಸೈನಿಕ, ಒಂದೇ ಸಮವಸ್ತ್ರ, ಆದರೆ ಯಜಮಾನರು ಇಬ್ಬರು. ಯುದ್ಧ ಇಲ್ಲದಾಗ, ಗವರ್ನರ್ ಬೇಡ ಅನ್ನುವಾಗ, ಅಧ್ಯಕ್ಷರು ಎಳೆದುಕೊಳ್ಳಬಹುದಾ? ಕೋರ್ಟುಗಳಲ್ಲಿ ಆರು ತಿಂಗಳು ವಾದ ನಡೆದಿದ್ದು ಇದೊಂದೇ ಪ್ರಶ್ನೆಯ ಮೇಲೆ.

ಲಾಸ್ ಏಂಜಲೀಸ್‌ನಲ್ಲಿ ನಿಜಕ್ಕೂ ಆಗಿದ್ದೇನು?

2025ರ ಜೂನ್ 6, ಶುಕ್ರವಾರ. ಬಟ್ಟೆ ವ್ಯಾಪಾರದ ಬೀದಿಯ ಒಂದು ಗೋದಾಮು, ವೆಸ್ಟ್‌ಲೇಕ್‌ನ ಒಂದು ಹೋಮ್ ಡಿಪೋ ಅಂಗಡಿಯ ಪಾರ್ಕಿಂಗ್ ಜಾಗ, ಹೀಗೆ ಕೆಲವು ಕಡೆ ಏಜೆಂಟರು ದಾಳಿ ಮಾಡಿದರು. ಹೋಮ್ ಡಿಪೋ ಅಂದರೆ ಸಿಮೆಂಟು, ಮರ, ಮೊಳೆ ಮಾರುವ ದೊಡ್ಡ ಅಂಗಡಿ. ಅದರ ಮುಂದೆ ಬೆಳಗಾಗುತ್ತಲೇ ದಿನಗೂಲಿಯವರು ನಿಂತಿರುತ್ತಾರೆ. ನಮ್ಮ ಕಡೆ ಸರ್ಕಲ್‌ಗಳಲ್ಲಿ ಬುತ್ತಿ ಹಿಡಿದು ಗಾರೆ ಕೆಲಸದವರು ಕಾಯುತ್ತಾರಲ್ಲ, ಥೇಟ್ ಹಾಗೆ. ಹಿಡಿಯಲು ಬಂದವರಿಗೆ ಇದಕ್ಕಿಂತ ಸಲೀಸು ಜಾಗ ಬೇರೆ ಇಲ್ಲ.

ಪ್ರತಿಭಟನೆ ಶುರುವಾಯಿತು. ಮರುದಿನವೇ ಅಧ್ಯಕ್ಷ ಟ್ರಂಪ್ 2,000 ಗಾರ್ಡ್ ಸೈನಿಕರನ್ನು ಕೇಂದ್ರದ ಸೇವೆಗೆ ಎಳೆದುಕೊಂಡರು. ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ ಬೇಡವೇ ಬೇಡ ಅಂದರು. ಆಮೇಲೆ ಸಂಖ್ಯೆ ಸುಮಾರು 4,000ಕ್ಕೆ ಏರಿತು. ಜೊತೆಗೆ 700 ಮಂದಿ ಮರೀನ್‌ಗಳು. ಇವರು ಗಾರ್ಡ್ ಅಲ್ಲ, ಅಪ್ಪಟ ಸೇನೆ. 60 ದಿನಕ್ಕೆ ಖರ್ಚು 13.4 ಕೋಟಿ ಡಾಲರ್ ಅಂತ ಪೆಂಟಗನ್ ಅಂದಾಜು ಕೊಟ್ಟಿತು.

ಊರೆಲ್ಲ ಹೊತ್ತಿ ಉರಿಯುತ್ತಿತ್ತಾ? ಇಲ್ಲ. ಕಾರುಗಳಿಗೆ ಬೆಂಕಿ ಬಿತ್ತು, ಅಂಗಡಿ ಲೂಟಿ ಆಯಿತು, ಹೆದ್ದಾರಿ ತಡೆದರು, ಅದು ನಿಜ. ಆದರೆ ಮೇಯರ್ ಕ್ಯಾರನ್ ಬ್ಯಾಸ್ ರಾತ್ರಿ ಕರ್ಫ್ಯೂ ಹಾಕಿದ್ದು ನಗರದ ನಡುವಿನ ಒಂದು ಚದರ ಮೈಲಿಗೆ. ಲಾಸ್ ಏಂಜಲೀಸ್ ನಗರದ ವಿಸ್ತಾರ ಸುಮಾರು 500 ಚದರ ಮೈಲಿ.

ಮರೀನ್‌ಗಳು ಬಂದ ಮೇಲೆ ಮೊದಲು ಹಿಡಿದು ಕೂರಿಸಿದ್ದು ಯಾರನ್ನು ಗೊತ್ತಾ? ಹಿಂದೆ ಅಮೆರಿಕದ ಸೇನೆಯಲ್ಲೇ ಇದ್ದ ಒಬ್ಬ ಮಾಜಿ ಸೈನಿಕನನ್ನು. ಮಾಜಿ ಸೈನಿಕರ ಕಚೇರಿಗೆ ಹೋಗುವ ದಾರಿಯಲ್ಲಿ ಹಳದಿ ಪಟ್ಟಿ ದಾಟಿದ್ದ. ಕೈಗೆ ಪ್ಲಾಸ್ಟಿಕ್ ಬಿಗಿದು ಕೂರಿಸಿ, ಆಮೇಲೆ ಬಿಟ್ಟು ಕಳಿಸಿದರು.

ಯಾವ ಕಾನೂನಿನ ಮೇಲೆ ಕಳಿಸಿದರು?

ಫೆಡರಲ್ ಕಾನೂನು ಸಂಹಿತೆಯ 10ನೇ ಭಾಗದಲ್ಲಿ 12406 ಅನ್ನುವ ಸೆಕ್ಷನ್ ಇದೆ. ಅದರ ಪ್ರಕಾರ ಮೂರು ಸಂದರ್ಭದಲ್ಲಿ ಅಧ್ಯಕ್ಷರು ಗಾರ್ಡನ್ನು ಕರೆಯಬಹುದು. ಒಂದು, ಹೊರಗಿನವರ ಆಕ್ರಮಣ. ಎರಡು, ದಂಗೆ. ಮೂರು, 'ರೆಗ್ಯುಲರ್ ಫೋರ್ಸಸ್' ಬಳಸಿಯೂ ದೇಶದ ಕಾನೂನು ಜಾರಿ ಮಾಡಲು ಆಗದೇ ಇದ್ದಾಗ. ಆ ಎರಡು ಇಂಗ್ಲಿಷ್ ಪದಗಳನ್ನು ನೆನಪಲ್ಲಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತವೆ.

ಇನ್ನೊಂದು ಸಾಲೂ ಇದೆ. ಆದೇಶ ಗವರ್ನರ್ ಮೂಲಕ ಹೋಗಬೇಕು. ರಕ್ಷಣಾ ಕಾರ್ಯದರ್ಶಿ ಹೆಗ್‌ಸೆತ್ ಕಳಿಸಿದ ಪತ್ರದ ತಲೆಯಲ್ಲಿ 'ಕ್ಯಾಲಿಫೋರ್ನಿಯಾ ಗವರ್ನರ್ ಮೂಲಕ' ಅಂತ ಅಚ್ಚಾಗಿತ್ತು. ಆದರೆ ಪತ್ರ ನೇರ ಹೋಗಿದ್ದು ರಾಜ್ಯದ ಗಾರ್ಡ್ ಮುಖ್ಯಸ್ಥರಿಗೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದೇನಲ್ಲ. 'ಮೂಲಕ' ಅಂತ ಬರೆಯುವುದು, ಅವರ ಮೇಜಿಗೆ ಮಾತ್ರ ಕಾಗದ ಹೋಗದೇ ಇರುವುದು.

ಕೋರ್ಟು ಏನು ಹೇಳಿತು?

ಒಂದೇ ದಿನ ಎರಡು ಮಾತು. ಜೂನ್ 12ರಂದು ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ಇದು ಕಾನೂನುಬಾಹಿರ, ಗಾರ್ಡನ್ನು ಗವರ್ನರ್‌ಗೆ ವಾಪಸ್ ಕೊಡಿ ಅಂದರು. ಅದೇ ರಾತ್ರಿ ಮೇಲಿನ ಕೋರ್ಟು ತಡೆ ಕೊಟ್ಟಿತು. ಜೂನ್ 19ಕ್ಕೆ ಆ ಮೇಲಿನ ಕೋರ್ಟು ಸದ್ಯಕ್ಕೆ ಅಧ್ಯಕ್ಷರ ಪರ ನಿಂತಿತು. ಆದರೆ ಒಂದು ಮಾತು ಸೇರಿಸಿತು. ಅಧ್ಯಕ್ಷರ ತೀರ್ಮಾನವನ್ನು ಕೋರ್ಟು ನೋಡಲೇಬಾರದು ಅನ್ನುವ ಸರ್ಕಾರದ ವಾದವನ್ನು ಒಪ್ಪಲ್ಲ ಅಂದಿತು. ಆವತ್ತು ಇದು ಯಾರ ಕಣ್ಣಿಗೂ ದೊಡ್ಡದಾಗಿ ಕಾಣಲಿಲ್ಲ. ಮುಂದಿನ ಕೇಸುಗಳೆಲ್ಲ ನಿಂತಿದ್ದು ಈ ಕಿಂಡಿಯ ಮೇಲೇ.

ಸೆಪ್ಟೆಂಬರ್ 2ರಂದು ಬ್ರೇಯರ್ ಮತ್ತೊಂದು ತೀರ್ಪು ಕೊಟ್ಟರು. ಸೈನಿಕರನ್ನು ಪೊಲೀಸ್ ಕೆಲಸಕ್ಕೆ ಬಳಸಿದ್ದು 1878ರ ಕಾನೂನಿನ ಉಲ್ಲಂಘನೆ ಅಂತ. ವಿಚಾರಣೆಯಲ್ಲಿ ಮ್ಯಾಕ್‌ಆರ್ಥರ್ ಪಾರ್ಕಿನ ಕಥೆಯೂ ಬಂತು. ಜುಲೈ 7ರಂದು ಕುದುರೆ ಏರಿದ ಏಜೆಂಟರು, ಅವರ ಹಿಂದೆ ಗಾರ್ಡ್ ವಾಹನಗಳು ಆ ಪಾರ್ಕಿಗೆ ಬಂದಿದ್ದವು. ಬೇಸಿಗೆ ಶಿಬಿರದ ಮಕ್ಕಳು ಆಡುತ್ತಿದ್ದರು, ಅವರನ್ನು ಒಳಗೆ ಕರೆದುಕೊಂಡು ಹೋಗಬೇಕಾಯಿತು. ಕಾರ್ಯಾಚರಣೆಗೆ ಇಟ್ಟ ಹೆಸರು ಎಕ್ಸ್‌ಕ್ಯಾಲಿಬರ್, ಇಂಗ್ಲಿಷ್ ಪುರಾಣದ ರಾಜನ ಖಡ್ಗ. ಕೊಳದ ಬಾತುಕೋಳಿಗಳಿಗೆ ಇದೆಲ್ಲ ಹೇಗೆ ಕಂಡಿತೋ.

1878ರ ಕಾನೂನು ಏನು?

ಹೆಸರು ಪಾಸಿ ಕಾಮಿಟಾಟಸ್ ಆಕ್ಟ್. ಸಂವಿಧಾನವೋ ಸಂಸತ್ತೋ ಸ್ಪಷ್ಟವಾಗಿ ಬಿಟ್ಟುಕೊಡದ ಹೊರತು ಸೇನೆಯನ್ನು ದೇಶದೊಳಗೆ ಕಾನೂನು ಜಾರಿಗೆ ಬಳಸಬಾರದು ಅನ್ನುತ್ತದೆ. ಬಂಧಿಸುವುದು, ತಪಾಸಣೆ ಮಾಡುವುದು, ಜನರನ್ನು ಚದುರಿಸುವುದು ಪೊಲೀಸರ ಕೆಲಸ.

ಇದರ ಹುಟ್ಟು ಮಾತ್ರ ಅಷ್ಟು ಚೆಂದ ಇಲ್ಲ. ಅಂತರ್ಯುದ್ಧ ಮುಗಿದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಹೊಸದಾಗಿ ಓಟು ಸಿಕ್ಕ ಕಪ್ಪು ಜನರನ್ನು ಕೇಂದ್ರದ ಸೇನೆ ಕಾಯುತ್ತಿತ್ತು. ಆ ಸೇನೆ ತೊಲಗಲಿ ಅಂತ ಬಯಸಿದ ದಕ್ಷಿಣದ ಬಿಳಿಯ ರಾಜಕಾರಣಿಗಳು ಪಟ್ಟುಹಿಡಿದು ತಂದ ಕಾನೂನು ಇದು. ಇವತ್ತು ವಲಸಿಗರ ಪರ ನಿಂತವರಿಗೆ ಅದೇ ಗುರಾಣಿ.

ಒಂದು ಸಣ್ಣಕ್ಷರದ ಸಂಗತಿ: ಗಾರ್ಡ್ ಗವರ್ನರ್ ಕೈಯಲ್ಲಿ ಇರುವವರೆಗೆ ಈ ಕಾನೂನು ತಾಗಲ್ಲ. ಅಧ್ಯಕ್ಷರ ಕೈಗೆ ಹೋದ ಕ್ಷಣ ತಾಗುತ್ತದೆ.

ಸೈನಿಕರು ಬಂದರೆ ಒಳ್ಳೆಯದೇ ಅಲ್ವಾ? ಶಿಸ್ತು ಇರುತ್ತೆ.

ಶಿಸ್ತು ಇರುತ್ತದೆ, ಆದರೆ ಆ ಶಿಸ್ತು ಬೇರೆ ಕೆಲಸದ್ದು. 1992ರ ಲಾಸ್ ಏಂಜಲೀಸ್ ಗಲಭೆ ನೋಡಿ. ಕಪ್ಪು ವ್ಯಕ್ತಿ ರಾಡ್ನಿ ಕಿಂಗ್‌ಗೆ ಹೊಡೆದ ಪೊಲೀಸರು ಖುಲಾಸೆಯಾದ ಮೇಲೆ ಊರು ನಿಜಕ್ಕೂ ಹೊತ್ತಿ ಉರಿದಿತ್ತು. 60ಕ್ಕೂ ಹೆಚ್ಚು ಜನ ಸತ್ತರು. ಆಗಿನ ಗವರ್ನರ್ ತಾವೇ ಕೇಳಿ ಸೇನೆ ತರಿಸಿಕೊಂಡರು.

ಆಗ ಕಾಂಪ್ಟನ್ ಅನ್ನುವ ಕಡೆ ಗಂಡ ಹೆಂಡತಿ ಜಗಳದ ಕರೆ ಬಂತು. ಪೊಲೀಸರು ಮನೆ ಮುಂದೆ ಹೋದರು, ಜೊತೆಗೆ ಮರೀನ್‌ಗಳು. ಒಳಗಿಂದ ಗುಂಡಿನ ಚೂರು ಬಾಗಿಲು ಸೀಳಿಕೊಂಡು ಬಂತು. ಪೊಲೀಸ್ ಒಬ್ಬ 'ಕವರ್ ಮಿ' ಅಂತ ಕೂಗಿದ. ಪೊಲೀಸ್ ಭಾಷೆಯಲ್ಲಿ ಅದರ ಅರ್ಥ, ಬಂದೂಕು ಗುರಿ ಹಿಡಿದು ನಿಂತಿರು, ಬೇಕಾದರೆ ಮಾತ್ರ ಹೊಡಿ. ಮರೀನ್ ಭಾಷೆಯಲ್ಲಿ ಅದರ ಅರ್ಥ, ನಾನು ನುಗ್ಗುವವರೆಗೆ ಗುಂಡಿನ ಮಳೆ ಸುರಿಸು. ಕ್ಷಣದಲ್ಲಿ 200ಕ್ಕೂ ಹೆಚ್ಚು ಗುಂಡು ಆ ಮನೆಗೆ ಬಿದ್ದವು. ಒಳಗೆ ಮಕ್ಕಳಿದ್ದರು. ಯಾರಿಗೂ ಏನೂ ಆಗದಿದ್ದದ್ದು ಪುಣ್ಯ. ಮರೀನ್‌ಗಳ ತಪ್ಪೂ ಅಲ್ಲ ಅದು, ಅವರು ಕಲಿತದ್ದನ್ನೇ ಮಾಡಿದ್ದರು.

ಹಿಂದೆ ಗವರ್ನರ್ ಬೇಡ ಅಂದಾಗ ಕಳಿಸಿದ್ದೇ ಇಲ್ವಾ?

ಇದೆ, ಆ ಕಥೆಗಳಲ್ಲಿ ಒಳ್ಳೆಯವರ ಪಾತ್ರ ಕೇಂದ್ರದ್ದು. 1957ರಲ್ಲಿ ಆರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ 9 ಮಂದಿ ಕಪ್ಪು ವಿದ್ಯಾರ್ಥಿಗಳು ಬಿಳಿಯರ ಶಾಲೆಗೆ ಸೇರಲು ಬಂದರು. ಗವರ್ನರ್ ಫಾಬಸ್ ಗಾರ್ಡ್ ಸೈನಿಕರನ್ನು ನಿಲ್ಲಿಸಿ ಅವರನ್ನು ತಡೆದ. ಅಧ್ಯಕ್ಷ ಐಸೆನ್‌ಹವರ್ ಅದೇ ಗಾರ್ಡನ್ನು ತನ್ನ ಕೈಗೆ ತೆಗೆದುಕೊಂಡು, 101ನೇ ಏರ್‌ಬೋರ್ನ್ ಪಡೆಯನ್ನೂ ಕಳಿಸಿ ಮಕ್ಕಳನ್ನು ತರಗತಿಗೆ ಮುಟ್ಟಿಸಿದರು. 1965ರಲ್ಲಿ ಅಲಬಾಮಾದ ಸೆಲ್ಮಾದಿಂದ ಕಪ್ಪು ಜನರ ಓಟಿನ ಹಕ್ಕಿಗಾಗಿ ಹೊರಟ ಪಾದಯಾತ್ರೆಗೆ ಅಧ್ಯಕ್ಷ ಜಾನ್ಸನ್ ಹೀಗೇ ರಕ್ಷಣೆ ಕೊಟ್ಟರು. ಗವರ್ನರ್ ಕೇಳದೇ ಗಾರ್ಡ್ ಕರೆದದ್ದು ಅದಾದ ಮೇಲೆ 2025ರಲ್ಲೇ.

ಹಾಗಾಗಿ "ರಾಜ್ಯ ಬೇಡ ಅಂದರೆ ಕೇಂದ್ರ ಬರಲೇಬಾರದು" ಅಂತ ಸುಮ್ನೆ ಹೇಳಿಬಿಡಲು ನನಗೆ ಬಾಯಿ ಬರಲ್ಲ. ಸೆಲ್ಮಾದಲ್ಲಿ ಸೈನಿಕರು ಕಾದಿದ್ದು ಪ್ರತಿಭಟನೆ ಮಾಡುವವರನ್ನು. ಲಾಸ್ ಏಂಜಲೀಸ್‌ನಲ್ಲಿ ಬಂದಿದ್ದು ಪ್ರತಿಭಟನೆ ಮಾಡುವವರಿಂದ ಕಟ್ಟಡ, ಏಜೆಂಟರನ್ನು ಕಾಯಲು. ನನಗೆ ಮುಖ್ಯ ಅನ್ನಿಸುವ ವ್ಯತ್ಯಾಸ ಅದು.

ಇನ್‌ಸರೆಕ್ಷನ್ ಆಕ್ಟ್ ಅಂತ ಹೇಳ್ತಾರಲ್ಲ, ಅದೇನು?

1807ರ ಕಾನೂನು. 1878ರ ಬೀಗಕ್ಕೆ ಇರುವ ದೊಡ್ಡ ಬೀಗದಕೈ. ದಂಗೆ ಎದ್ದಿದೆ, ಮಾಮೂಲಿ ದಾರಿಯಲ್ಲಿ ಕಾನೂನು ನಡೆಸಲು ಆಗುತ್ತಿಲ್ಲ ಅಂತ ಅಧ್ಯಕ್ಷರು ಘೋಷಿಸಿದರೆ ಸೇನೆಯನ್ನೇ ಪೊಲೀಸ್ ಕೆಲಸಕ್ಕೆ ಇಳಿಸಬಹುದು. ಕೊನೆಯ ಸಲ ಬಳಸಿದ್ದು ಆ 1992ರ ಗಲಭೆಯಲ್ಲಿ. ಟ್ರಂಪ್ 2026ರ ಜನವರಿಯಲ್ಲಿ ಮಿನಿಯಾಪೊಲಿಸ್ ವಿಚಾರದಲ್ಲಿ ಬಳಸುವುದಾಗಿ ಬೆದರಿಸಿದರು, ಬಳಸಲಿಲ್ಲ.

ಪೋರ್ಟ್‌ಲ್ಯಾಂಡ್‌ನಲ್ಲಿ ಕಪ್ಪೆ ವೇಷ ಯಾಕೆ?

ಈ ಪ್ರಶ್ನೆ ಕೇಳಿದ್ದು ನನ್ನ ಅಕ್ಕನ ಮಗಳು. ಸೆಪ್ಟೆಂಬರ್ ಕೊನೆಯಲ್ಲಿ ಟ್ರಂಪ್ ಪೋರ್ಟ್‌ಲ್ಯಾಂಡ್ ಯುದ್ಧಭೂಮಿಯಂತಾಗಿದೆ ಅಂತ ಹೇಳಿ ಒರೆಗಾನ್‌ನ 200 ಗಾರ್ಡ್ ಸೈನಿಕರನ್ನು ಕರೆದರು. ಜಗಳದ ಜಾಗ ನದಿ ಪಕ್ಕದ ಐಸ್ ಕಚೇರಿ, ಒಂದೇ ಒಂದು ಕಟ್ಟಡ. ಅದರ ಮುಂದೆ ಗಾಳಿ ತುಂಬಿದ ಹಸಿರು ಕಪ್ಪೆ ವೇಷ ಹಾಕಿದ ಒಬ್ಬ ಪ್ರತಿಭಟನೆಗೆ ನಿಂತಿದ್ದ. ಅಕ್ಟೋಬರ್ ಮೊದಲಲ್ಲಿ ಏಜೆಂಟ್ ಒಬ್ಬ ಆ ವೇಷದ ಗಾಳಿಯ ತೂತಿಗೇ ರಾಸಾಯನಿಕ ಸಿಂಪಡಿಸಿದ. ವಿಡಿಯೋ ಎಲ್ಲ ಕಡೆ ಹರಿದಾಡಿತು. ಆಮೇಲೆ ಕಪ್ಪೆಗಳ ಹಿಂಡೇ ಬಂತು. ಯುದ್ಧಭೂಮಿ ಅನ್ನುವ ಮಾತಿಗೆ ಗಾಳಿ ಕಪ್ಪೆಗಿಂತ ಒಳ್ಳೆಯ ಉತ್ತರ ಯಾವ ವಕೀಲರೂ ಕೊಟ್ಟಿರಲಾರರು.

ಅಕ್ಟೋಬರ್ 4ರಂದು ನ್ಯಾಯಾಧೀಶೆ ಕ್ಯಾರಿನ್ ಇಮ್ಮರ್ಗಟ್ ತಡೆ ಕೊಟ್ಟರು. ಅಧ್ಯಕ್ಷರ ತೀರ್ಮಾನಕ್ಕೂ ಅಲ್ಲಿನ ವಾಸ್ತವಕ್ಕೂ ಸಂಬಂಧವೇ ಇಲ್ಲ ಅಂದರು. ಅವರನ್ನು ಆ ಹುದ್ದೆಗೆ ನೇಮಿಸಿದ್ದು ಟ್ರಂಪೇ. ಒರೆಗಾನ್ ಗಾರ್ಡ್ ಬೇಡ ಅಂದರೆ ಕ್ಯಾಲಿಫೋರ್ನಿಯಾ ಗಾರ್ಡ್ ಕಳಿಸುತ್ತೇವೆ ಅಂತ ಸರ್ಕಾರ ಮರುದಿನವೇ ಹೊರಟಿತು. ಅದೇ ರಾತ್ರಿ ಅವರು ಅದಕ್ಕೂ ತಡೆ ಕೊಟ್ಟರು. ನವೆಂಬರ್‌ನಲ್ಲಿ ಕಾಯಂ ತಡೆ ಬಂತು.

ಚಿಕಾಗೋ ಕೇಸು ಯಾಕೆ ಅಷ್ಟು ಮುಖ್ಯ?

ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದು ಅದು. ಇಲಿನಾಯ್ ಗವರ್ನರ್ ಪ್ರಿಟ್ಸ್‌ಕರ್ ಬೇಡ ಅಂದರೂ ಅಕ್ಟೋಬರ್‌ನಲ್ಲಿ ಆ ರಾಜ್ಯದ 300 ಗಾರ್ಡ್ ಸೈನಿಕರನ್ನು ಎಳೆದುಕೊಂಡರು. ಟೆಕ್ಸಸ್‌ನಿಂದ 200 ಮಂದಿ ಬಂದಿಳಿದರು, ಅಲ್ಲಿನ ಗವರ್ನರ್ ಖುಷಿಯಿಂದಲೇ ಕಳಿಸಿದ್ದರು. ಒಂದು ರಾಜ್ಯದ ಸೈನಿಕರು ಇನ್ನೊಂದು ರಾಜ್ಯಕ್ಕೆ ಅದರ ಇಷ್ಟಕ್ಕೆ ವಿರುದ್ಧವಾಗಿ ಹೋಗುವುದು! ಮೈಸೂರಿಗೆ ಪಕ್ಕದ ರಾಜ್ಯದ ಸಶಸ್ತ್ರ ಪೊಲೀಸರನ್ನು ನಮ್ಮ ಸರ್ಕಾರ ಬೇಡ ಬೇಡ ಅಂದರೂ ತಂದು ನಿಲ್ಲಿಸಿದರೆ ಹೇಗಿರುತ್ತದೆ, ಯೋಚಿಸಿ. ನ್ಯಾಯಾಧೀಶೆ ಏಪ್ರಿಲ್ ಪೆರ್ರಿ ತಡೆದರು.

ಸುಪ್ರೀಂ ಕೋರ್ಟಿನಲ್ಲಿ ಜಗಳ ಆ ಎರಡು ಪದಗಳ ಮೇಲೆ ಬಂದು ನಿಂತಿತು. 'ರೆಗ್ಯುಲರ್ ಫೋರ್ಸಸ್' ಅಂದರೆ ಯಾರು? ಐಸ್ ಏಜೆಂಟರು, ಫೆಡರಲ್ ಪೊಲೀಸರು ಅಂತ ಸರ್ಕಾರ ವಾದಿಸಿತು. ಅವರಿಗೆ ಕೈಲಾಗದಿದ್ದರೆ ಗಾರ್ಡ್ ಕರೆಯಬಹುದು ಅಂತ ಲೆಕ್ಕ. ಅಲ್ಲ, ಆ ನೂರು ವರ್ಷ ಹಳೆಯ ಮಾತಿಗೆ ಅರ್ಥ ಕಾಯಂ ಸೇನೆ ಅಂತಲೇ ಇರಬೇಕು ಅಂದಿತು ಕೋರ್ಟು. ಡಿಸೆಂಬರ್ 23, 2025, 6 ಜನ ಒಂದು ಕಡೆ, 3 ಜನ ಇನ್ನೊಂದು ಕಡೆ. ಹೀಗಾದಾಗ ಲೆಕ್ಕವೇ ತಿರುಗುತ್ತದೆ. ಸೇನೆಯನ್ನು ಕಾನೂನುಬದ್ಧವಾಗಿ ಇಳಿಸಲು ಬರುವ ಸಂದರ್ಭ ಇರಬೇಕು, ಸೇನೆಯೂ ಸಾಲದಾಗಬೇಕು, ಆಗ ಮಾತ್ರ ಗಾರ್ಡ್. ಸೇನೆಯನ್ನು ಇಳಿಸಲು 1878ರ ಕಾನೂನು ಬಿಡಲ್ಲ. ಯಾವ ಅಧಿಕಾರದ ಮೇಲೆ ಇಳಿಸುತ್ತೀರಿ ಅಂದರೆ ಸರ್ಕಾರ ತೋರಿಸಲಿಲ್ಲ.

ಇದು ಮಧ್ಯಂತರ ಆದೇಶ, ಕೊನೆಯ ತೀರ್ಪಲ್ಲ. ಆದರೂ ಡಿಸೆಂಬರ್ 31ಕ್ಕೆ ಚಿಕಾಗೋ, ಲಾಸ್ ಏಂಜಲೀಸ್, ಪೋರ್ಟ್‌ಲ್ಯಾಂಡ್‌ನಿಂದ ಗಾರ್ಡ್ ವಾಪಸ್ ಅಂತ ಟ್ರಂಪ್ ಘೋಷಿಸಿದರು. ಬೇಕಾದರೆ ಮತ್ತೆ ಬರುತ್ತೇವೆ ಅಂತಲೂ ಸೇರಿಸಿದರು.

ವಾಷಿಂಗ್ಟನ್ ಡಿಸಿಯಲ್ಲೂ ಸೈನಿಕರಿದ್ದರಲ್ಲ?

ಅದು ರಾಜ್ಯವೇ ಅಲ್ಲ, ಗವರ್ನರ್ ಇಲ್ಲ. ಅಲ್ಲಿನ ಗಾರ್ಡ್ ಯಾವಾಗಲೂ ಅಧ್ಯಕ್ಷರದ್ದೇ. ಮೆಂಫಿಸ್, ನ್ಯೂ ಆರ್ಲಿಯನ್ಸ್‌ಗೆ ಗಾರ್ಡ್ ಹೋದದ್ದು ಅಲ್ಲಿನ ಗವರ್ನರ್‌ಗಳ ಒಪ್ಪಿಗೆಯಿಂದ. ಸ್ಯಾನ್ ಫ್ರಾನ್ಸಿಸ್ಕೋಗೂ ಏಜೆಂಟರ ದಂಡು ಬರುವುದರಲ್ಲಿತ್ತು. ಮೇಯರ್ ಮತ್ತು ಕೆಲವು ಟೆಕ್ ಶ್ರೀಮಂತರು ಮಾತಾಡಿದ ಮೇಲೆ ಅಕ್ಟೋಬರ್‌ನಲ್ಲಿ ಟ್ರಂಪ್ ಅದನ್ನು ಕೈಬಿಟ್ಟರು. ಯಾವ ಸೆಕ್ಷನ್ನೂ ಬೇಕಾಗಲಿಲ್ಲ.

'ಸ್ಯಾಂಕ್ಚುಯರಿ' ಅಂದರೆ ಅಲ್ಲಿ ಐಸ್ ಕಾಲಿಡುವ ಹಾಗಿಲ್ವಾ?

ಇಡಬಹುದು. ಇದು ದೊಡ್ಡ ತಪ್ಪು ತಿಳಿವಳಿಕೆ. ಐಸ್ ಕೆಲಸಕ್ಕೆ ಕೈಜೋಡಿಸಲ್ಲ ಅನ್ನುವ ರಾಜ್ಯ, ನಗರಗಳಿಗೆ ಸ್ಯಾಂಕ್ಚುಯರಿ ಅಂತಾರೆ. ರಾಜ್ಯ ಅಡ್ಡ ನಿಲ್ಲುವ ಹಾಗಿಲ್ಲ, ಸಹಾಯ ಮಾಡದೇ ಇರಬಹುದು, ಅಷ್ಟೇ. ಉದಾಹರಣೆಗೆ, ಜೈಲಿನಿಂದ ಬಿಡುಗಡೆಯಾಗುವ ಒಬ್ಬನನ್ನು ನಾವು ಬರುವವರೆಗೆ ಇನ್ನೂ 48 ಗಂಟೆ ಇಟ್ಟುಕೊಳ್ಳಿ ಅಂತ ಐಸ್ ಕೇಳುತ್ತದೆ. ಅದು ಕೋರಿಕೆ, ಕೋರ್ಟಿನ ಆದೇಶ ಅಲ್ಲ. ಕ್ಯಾಲಿಫೋರ್ನಿಯಾದ 2017ರ ಕಾನೂನು ಹೀಗೆ ಇಟ್ಟುಕೊಳ್ಳಬೇಡಿ ಅನ್ನುತ್ತದೆ. ಗಂಭೀರ ಅಪರಾಧ ಮಾಡಿದವರನ್ನು ಒಪ್ಪಿಸಲು ಅದರಲ್ಲೂ ದಾರಿ ಇದೆ.

ಸಹಾಯ ಮಾಡಲೇಬೇಕು ಅಂತ ಕೇಂದ್ರ ಕಾನೂನು ತರಬಹುದಲ್ಲ ಅಂತೀರಾ? ಬರಲ್ಲ. 1997ರ ಪ್ರಿಂಟ್ಜ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ರಾಜ್ಯದ ಅಧಿಕಾರಿಗಳನ್ನು ಕೇಂದ್ರ ತನ್ನ ಚಾಕರಿಗೆ ಹಚ್ಚುವ ಹಾಗಿಲ್ಲ ಅಂದಿತು. ತಮಾಷೆ ಅಂದರೆ ಅದು ಬಂದೂಕಿನ ಕೇಸು. ಬಂದೂಕು ಕೊಳ್ಳುವವರ ಹಿನ್ನೆಲೆ ನಾವೇಕೆ ಪರಿಶೀಲಿಸಬೇಕು ಅಂತ ಮೊಂಟಾನಾ, ಆರಿಜೋನಾದ ಶೆರಿಫ್‌ಗಳು ಹೂಡಿದ್ದು. ಬಲಪಂಥದವರು ಗೆದ್ದ ಆ ತೀರ್ಪನ್ನೇ ಇವತ್ತು ಚಿಕಾಗೋ ಹಿಡಿದುಕೊಂಡಿದೆ. ಇಲಿನಾಯ್ ವಿರುದ್ಧ ಕೇಂದ್ರ ಹಾಕಿದ ಕೇಸು 2025ರ ಜುಲೈನಲ್ಲಿ ವಜಾ ಆಯಿತು.

ಹಾಗಾದರೆ ಇದು ರಾಜ್ಯದ ಹಕ್ಕಿನ ಹೋರಾಟವಾ?

ಹಾಗಂತ ಎಲ್ಲರೂ ಹೇಳುತ್ತಾರೆ, ತಮ್ಮ ಸರದಿ ಬಂದಾಗ. 2024ರ ಜನವರಿ ನೆನಪು ಮಾಡಿಕೊಳ್ಳಿ. ಆಗ ಬೈಡನ್ ಅಧ್ಯಕ್ಷರು. ಟೆಕ್ಸಸ್‌ನ ಈಗಲ್ ಪಾಸ್‌ನಲ್ಲಿ ಮೆಕ್ಸಿಕೋ ಗಡಿಯ ನದಿ ದಂಡೆಯ ಶೆಲ್ಬಿ ಪಾರ್ಕನ್ನು ಗವರ್ನರ್ ಅಬಟ್ ತಮ್ಮ ಗಾರ್ಡ್ ಕಳಿಸಿ ವಶಕ್ಕೆ ತೆಗೆದುಕೊಂಡರು. ಕೇಂದ್ರದ ಗಡಿ ಪಡೆಯವರನ್ನೇ ಒಳಗೆ ಬಿಡಲಿಲ್ಲ. ಮುಳ್ಳುತಂತಿ ಹಾಕಿದರು. ಆ ತಂತಿ ಕತ್ತರಿಸಲು ಕೇಂದ್ರದವರಿಗೆ ಸುಪ್ರೀಂ ಕೋರ್ಟು 5-4ರಲ್ಲಿ ಅನುಮತಿ ಕೊಟ್ಟಿತು. ಟೆಕ್ಸಸ್ ಇನ್ನಷ್ಟು ತಂತಿ ಹಾಕಿತು. 25 ರಿಪಬ್ಲಿಕನ್ ಗವರ್ನರ್‌ಗಳು ಅಬಟ್ ಬೆನ್ನಿಗೆ ನಿಂತರು. ಟೆಕ್ಸಸ್ ಗಾರ್ಡನ್ನು ನೀವೇ ಕೈಗೆ ತಗೊಳ್ಳಿ ಅಂತ ಕೆಲವು ಡೆಮಾಕ್ರಾಟರು ಬೈಡನ್‌ಗೆ ಒತ್ತಾಯ ಮಾಡಿದರು, ಬೈಡನ್ ಮಾಡಲಿಲ್ಲ.

ಆಗ ಸೌತ್ ಡಕೋಟಾದ ಗವರ್ನರ್ ಆಗಿದ್ದವರು ಕ್ರಿಸ್ಟಿ ನೋಮ್. ಬೈಡನ್ ಗಾರ್ಡನ್ನು ಕೈಗೆ ತೆಗೆದುಕೊಂಡರೆ ಅದು ರಾಜ್ಯಗಳ ಹಕ್ಕಿನ ಮೇಲೆ ನೇರ ದಾಳಿ ಅಂದಿದ್ದರು. ಮರುವರ್ಷ ಅವರೇ ಗೃಹಭದ್ರತಾ ಕಾರ್ಯದರ್ಶಿ ಆದರು, ಐಸ್ ಅವರ ಕೈಕೆಳಗೆ ಬಂತು. ಕ್ಯಾಲಿಫೋರ್ನಿಯಾದ ಗಾರ್ಡನ್ನು ಎಳೆದುಕೊಂಡಾಗ ಆ ಮಾತು ಎಲ್ಲಿ ಹೋಯಿತೋ.

ಮಿನಿಯಾಪೊಲಿಸ್‌ನಲ್ಲಿ ಸೈನಿಕರೇ ಇರಲಿಲ್ಲ, ಆದರೂ ಅಷ್ಟು ಗಲಾಟೆ?

ಆ ಊರು ಮಿನ್ನೆಸೋಟಾ ರಾಜ್ಯದಲ್ಲಿದೆ. ಅಲ್ಲಿ ಬಂದಿದ್ದು ಏಜೆಂಟರೇ, ಸುಮಾರು 3,000. ಆ ನಗರದ ಪೊಲೀಸರ ಒಟ್ಟು ಸಂಖ್ಯೆ ಸುಮಾರು 600. ಸೈನಿಕರನ್ನು ಕೋರ್ಟು ತಡೆದರೆ ಏನಂತೆ, ಏಜೆಂಟರಿಗೆ ಗವರ್ನರ್ ಒಪ್ಪಿಗೆ ಬೇಕಿಲ್ಲ. 2026ರ ಜನವರಿ 7ರಂದು ಕಾರಿನಲ್ಲಿದ್ದ 37 ವರ್ಷದ ಹೆಂಗಸೊಬ್ಬರನ್ನು ಐಸ್ ಏಜೆಂಟ್ ಗುಂಡಿಕ್ಕಿ ಕೊಂದ. ಜನವರಿ 24ರಂದು ಆಸ್ಪತ್ರೆಯ ನರ್ಸ್ ಒಬ್ಬರು ಗಡಿ ಪಡೆಯವರ ಗುಂಡಿಗೆ ಸತ್ತರು. ಇಬ್ಬರೂ ಅಮೆರಿಕದ ಪ್ರಜೆಗಳು. ಆತ್ಮರಕ್ಷಣೆ ಅಂತ ಕೇಂದ್ರ ಹೇಳಿತು. ವಿಡಿಯೋಗಳಲ್ಲಿ ಹಾಗೆ ಕಾಣುತ್ತಿಲ್ಲ ಅಂತ ನಗರ, ರಾಜ್ಯ ಎರಡೂ ಹೇಳಿದವು.

ನನಗೆ ಜಾಸ್ತಿ ಕಾಡಿದ್ದು ಅದರ ನಂತರದ್ದು. ಮೊದಲ ಸಾವಿನ ತನಿಖೆಯಿಂದ ರಾಜ್ಯದ ತನಿಖಾ ಸಂಸ್ಥೆಯನ್ನು ಹೊರಗಿಟ್ಟು ಎಫ್‌ಬಿಐ ಒಂದೇ ನಡೆಸಿತು. ಕೊಲೆ ನಡೆದ ಊರಿನ ಸರ್ಕಾರಕ್ಕೆ ಸಾಕ್ಷ್ಯ ನೋಡಲು ಸಿಗಲಿಲ್ಲ. ಕಾರ್ಯಾಚರಣೆ ನಿಲ್ಲಿಸಿ ಅಂತ ರಾಜ್ಯ ಹಾಕಿದ ಕೇಸಿನಲ್ಲಿ ನ್ಯಾಯಾಧೀಶರು ತಡೆ ಕೊಡಲಿಲ್ಲ. ಫೆಬ್ರವರಿಯಲ್ಲಿ ಕೇಂದ್ರವೇ ಕಾರ್ಯಾಚರಣೆ ಮುಗಿಸುತ್ತೇವೆ ಅಂದಿತು.

ರಾಜ್ಯದ ಪೊಲೀಸರು ಫೆಡರಲ್ ಏಜೆಂಟನ್ನು ಬಂಧಿಸಬಹುದಾ?

ಬಂಧಿಸಬಹುದು, ಆದರೆ ಕೇಸು ನಿಲ್ಲಿಸುವುದು ಕಷ್ಟ. 1889ರಲ್ಲಿ ಕ್ಯಾಲಿಫೋರ್ನಿಯಾದ ಲೇತ್ರಾಪ್ ರೈಲು ನಿಲ್ದಾಣದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೀಲ್ಡ್ ತಿಂಡಿ ತಿನ್ನುತ್ತಿದ್ದರು. ಹಳೆ ದ್ವೇಷವಿದ್ದ ಡೇವಿಡ್ ಟೆರ್ರಿ ಬಂದು ಅವರಿಗೆ ಹೊಡೆದ. ಅಂಗರಕ್ಷಕ ಮಾರ್ಷಲ್ ನೀಗಲ್ ಟೆರ್ರಿಯನ್ನು ಅಲ್ಲೇ ಗುಂಡಿಕ್ಕಿ ಕೊಂದ. ರಾಜ್ಯ ನೀಗಲ್‌ನನ್ನು ಕೊಲೆ ಕೇಸಿನಲ್ಲಿ ಹಿಡಿಯಿತು. ಕೇಂದ್ರದ ಕೆಲಸ ಮಾಡುತ್ತಾ ಅಗತ್ಯವಿದ್ದದ್ದನ್ನು ಮಾಡಿದ್ದಾನೆ, ರಾಜ್ಯ ಶಿಕ್ಷಿಸುವ ಹಾಗಿಲ್ಲ ಅಂತ 1890ರಲ್ಲಿ ಸುಪ್ರೀಂ ಕೋರ್ಟು ಬಿಡಿಸಿತು. ಈಗಲೂ ವಾದ ನಡೆಯುವುದು ಆ ತೀರ್ಪಿನ ಸುತ್ತಲೇ. ಮಾಡಿದ್ದು ಅಗತ್ಯವಿತ್ತಾ, ಸರಿಯಾಗಿತ್ತಾ ಅನ್ನುವ ಪ್ರಶ್ನೆ ಮಾತ್ರ ತೆರೆದೇ ಇದೆ.

ನಮ್ಮಲ್ಲಿ ಹೀಗಾಗುತ್ತಾ?

ನಮ್ಮ ಸಂವಿಧಾನದಲ್ಲೂ ಪೊಲೀಸ್ ರಾಜ್ಯದ ಪಟ್ಟಿಯಲ್ಲಿದೆ. ಆದರೆ 1976ರ 42ನೇ ತಿದ್ದುಪಡಿ ರಾಜ್ಯಗಳಿಗೆ ಸಶಸ್ತ್ರ ಪಡೆ ಕಳಿಸುವ ವಿಷಯವನ್ನು ಕೇಂದ್ರದ ಪಟ್ಟಿಗೆ ಸೇರಿಸಿತು. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆಗೆ ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟಾಗ ನೀಲಿ ಸಮವಸ್ತ್ರದ, ಕೇಂದ್ರದ ಗಲಭೆ ತಡೆಯುವ ಪಡೆ ಆರ್‌ಎಎಫ್ ಬಂದಿದ್ದು ನೆನಪಿರಬೇಕು. ಆಗ ರಾಜ್ಯಕ್ಕೂ ಅವರು ಬೇಕಾಗಿದ್ದರು, ಜಗಳ ಆಗಲಿಲ್ಲ.

ನಮ್ಮ ಮಗ ಎಚ್-1ಬಿ ಉದ್ಯೋಗ ವೀಸಾ ಮೇಲೆ ಅಲ್ಲಿದ್ದಾನೆ. ಅವನಿಗೇನಾದರೂ ತೊಂದರೆ?

ದಾಖಲೆ ಸರಿಯಿದ್ದರೆ ಈ ದಾಳಿಗಳ ಗುರಿ ಅವನಲ್ಲ. ಆದರೆ ಬೀದಿಯಲ್ಲಿ ನಿಲ್ಲಿಸಿ ಕೇಳುವವರಿಗೆ ಮುಖ ನೋಡಿದರೆ ವೀಸಾ ಕಾಣಲ್ಲ. ಮೈಬಣ್ಣ, ಭಾಷೆ, ನಿಂತ ಜಾಗ, ಮಾಡುವ ಕೆಲಸ ಇಷ್ಟನ್ನೇ ನೋಡಿ ನಿಲ್ಲಿಸಬೇಡಿ ಅಂತ ಲಾಸ್ ಏಂಜಲೀಸ್‌ನ ಕೋರ್ಟೊಂದು ಆದೇಶ ಕೊಟ್ಟಿತ್ತು. 2025ರ ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟು ಅದನ್ನು ತಡೆಹಿಡಿಯಿತು. 18 ವರ್ಷ ದಾಟಿದ ವಿದೇಶಿಯರು ನೋಂದಣಿಯ ದಾಖಲೆ ಜೊತೆಯಲ್ಲಿ ಇಟ್ಟುಕೊಳ್ಳಬೇಕು ಅಂತ ಹಳೆಯ ಕಾನೂನೇ ಇದೆ. ಗ್ರೀನ್ ಕಾರ್ಡ್ ಆದರೆ ಕಾರ್ಡು, ವೀಸಾ ಆದರೆ ದೇಶದೊಳಗೆ ಬಂದದ್ದರ ದಾಖಲೆಯಾದ ಐ-94 ಪ್ರಿಂಟ್. ನಾನು ಮೊದಲು ಕಾರ್ಡು ಬೀರುವಿನಲ್ಲಿ ಇಟ್ಟಿರುತ್ತಿದ್ದೆ. ಈಗ ಪರ್ಸಿನಲ್ಲಿದೆ.

ಬಾಗಿಲು ತಟ್ಟಿದರೆ?

ಕಾಗದ ಕೇಳಿ, ಕೆಳಗೆ ಸಹಿ ಯಾರದ್ದು ಅಂತ ನೋಡಿ. ಐಸ್ ಅಧಿಕಾರಿಯೇ ಸಹಿ ಹಾಕಿದ ವಾರಂಟ್ ಒಂದು, ನ್ಯಾಯಾಧೀಶರು ಸಹಿ ಹಾಕಿದ್ದು ಇನ್ನೊಂದು. ಮೊದಲನೆಯದು ಇಟ್ಟುಕೊಂಡು ಒಪ್ಪಿಗೆ ಇಲ್ಲದೆ ಮನೆಯೊಳಗೆ ಬರುವ ಹಾಗಿಲ್ಲ ಅನ್ನುವುದು ಬಹುಕಾಲದ ತಿಳಿವಳಿಕೆ. ಗಡೀಪಾರಿನ ಕೊನೆಯ ಆದೇಶ ಆದವರ ಮನೆಗೆ ಮೊದಲನೆಯದೇ ಸಾಕು ಅಂತ ಐಸ್ ಒಳಗೆ 2025ರ ಮೇನಲ್ಲಿ ಬರೆದ ಟಿಪ್ಪಣಿಯೊಂದು 2026ರ ಜನವರಿಯಲ್ಲಿ ಹೊರಬಿತ್ತು. ಹಾಗಾಗಿ ವಕೀಲರ ನಂಬರು ಫೋನಿನಲ್ಲಿ ಮಾತ್ರ ಅಲ್ಲ, ಕಾಗದದ ಮೇಲೂ ಬರೆದಿಡಿ. ಹಿಡಿದ ಮೇಲೆ ಫೋನು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಪ್ರತಿಭಟನೆಗೆ ಹೋಗಬಹುದಾ?

ಮಾತಾಡುವ, ಸೇರುವ ಹಕ್ಕು ಪ್ರಜೆಗಳಿಗೆ ಮಾತ್ರ ಅಂತ ಸಂವಿಧಾನ ಹೇಳಲ್ಲ. ಆದರೆ 2025ರಲ್ಲಿ ಪ್ಯಾಲೆಸ್ಟೈನ್ ಪರ ಮಾತಾಡಿದ ವಿದೇಶಿ ವಿದ್ಯಾರ್ಥಿಗಳ ವೀಸಾ ರದ್ದಾದದ್ದನ್ನೂ ನೋಡಿದ್ದೇವೆ. ನನ್ನ ಪರಿಚಯದಲ್ಲಿ ಪ್ರಜೆಗಳಾದವರು ಹೋದರು, ವೀಸಾದವರು ಮನೆಯಲ್ಲಿ ಉಳಿದು ನೀರಿನ ಬಾಟಲಿ ಕೊಟ್ಟು ಕಳಿಸಿದರು. ಅಮ್ಮನಿಗೆ ಮಾತ್ರ ನಾನು ಎರಡೂ ಹೇಳಿಲ್ಲ.